ಮೇಲಿನ ಎರಡು ಬೆರಳು ಮಣ್ಣು

ಹೆದ್ದಾರಿ ಪಕ್ಕದ ಹೊಲದ ಸೊಪ್ಪು ತಿನ್ನಬಹುದೇ ಎಂದು ಯಾರಾದರೂ ಕೇಳಿದರೆ ಈಗ ನಾನು ಥಟ್ಟನೆ ಉತ್ತರ ಕೊಡುವುದಿಲ್ಲ. ಒಂದು ಸಲ ಕೊಟ್ಟಿದ್ದೆ, ಅದೂ ಸಭೆಯಲ್ಲಿ, ಮೈಕಿನ ಮುಂದೆ ನಿಂತು. ನನ್ನ ಮಾತು ನಂಬಿ ವ್ಯಾಪಾರಿಗಳು ಒಬ್ಬ ಹೆಂಗಸಿನ ಸೊಪ್ಪು ಕೊಳ್ಳುವುದನ್ನು ನಿಲ್ಲಿಸಿದರು. ನಾನು ಅಪಾಯ ಎಂದು ಸಾರಿದ ವಸ್ತು ಆ ಮಣ್ಣಿನಲ್ಲಿ ನಾನು ಹೇಳಿದಷ್ಟು ಇರಲಿಲ್ಲ. ನಿಜವಾಗಿ ಅಲ್ಲಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಎರಡೂ ತಪ್ಪು ನನ್ನವೇ. ಈಗ ಎಷ್ಟೋ ಕಾಲೇಜುಗಳಲ್ಲಿ ಮಕ್ಕಳು ಇಂಥದೇ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ನಾನು ಎಡವಿದ ಜಾಗದಲ್ಲಿ ಅವರೂ ಎಡವುವುದು ಬಹಳ ಸುಲಭ, ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಕೋಲಾರದ ಕಡೆ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಮುಳಬಾಗಿಲು ದಾಟಿ ಹೋಗುವ ರಸ್ತೆ ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು, ಈಗ 75. ಹಳಬರ ಬಾಯಲ್ಲಿ ಅದು ಇನ್ನೂ ಮದ್ರಾಸ್ ರೋಡು. ಎರಡೂ ಬದಿ ಕೆಮ್ಮಣ್ಣಿನ ಹೊಲಗಳು. ಬೋರ್‌ವೆಲ್‌ನಲ್ಲಿ ನೀರು ಸಿಕ್ಕ ಕಡೆ ಟೊಮೆಟೊ, ಬೀನ್ಸ್, ಕೋಸು, ಸೊಪ್ಪು. ನಾನು ಹೇಳುತ್ತಿರುವ ಹೊಲ ರಸ್ತೆಯ ಚರಂಡಿಗೆ ತಾಗಿಕೊಂಡೇ ಇದೆ. ಅದರ ಒಡತಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಬೆಳೆಯುತ್ತಾರೆ. ಬೆಳಗಿನ ಜಾವವೇ ಬೇರು ಸಮೇತ ಕಿತ್ತು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ತೊಟ್ಟಿ ನೀರಿನಲ್ಲಿ ಒಂದು ಸಲ ಅದ್ದಿ, ಗೂಡ್ಸ್ ಆಟೋಗೆ ಏರಿಸಿ ಕಳಿಸುತ್ತಿದ್ದರು.

ಬಿ.ಎಸ್ಸಿ. ಕೊನೆಯ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ಕೊಡಬೇಕಿತ್ತು. ವಾಹನಗಳ ಮಾಲಿನ್ಯದಿಂದ ರಸ್ತೆಬದಿಯ ಮಣ್ಣು ಹೇಗೆ ಬದಲಾಗುತ್ತದೆ ಎಂಬ ವಿಷಯವನ್ನು ನಾನೇ ಆರಿಸಿದೆ. ಮಣ್ಣು ತೆಗೆಯುವ ಕ್ರಮಕ್ಕೆ ಮಣ್ಣು ಪರೀಕ್ಷೆಗೆಂದು ರೈತರಿಗೆ ಹಂಚುವ ಕರಪತ್ರವನ್ನೇ ಹಿಡಿದೆ. ಅದರಲ್ಲಿ ಎಲ್ಲ ಸ್ಪಷ್ಟವಾಗಿದೆ. ಮೇಲಿನ ಕಸಕಡ್ಡಿ, ಹುಲ್ಲು ಕೆರೆದು ತೆಗೆಯಿರಿ. ಆರು ಅಂಗುಲ, ಅಂದರೆ 15 ಸೆಂಟಿಮೀಟರ್ ಆಳಕ್ಕೆ 'ವಿ' ಆಕಾರದ ಗುಂಡಿ ತೋಡಿ. ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆತ್ತಿ. ಹತ್ತಾರು ಕಡೆಯ ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ರಸ್ತೆ, ಬದು, ಮರದ ಬುಡ, ಗೊಬ್ಬರದ ಗುಂಡಿಯ ಹತ್ತಿರ ಮಣ್ಣು ತೆಗೆಯಬೇಡಿ.

ಆ ಕೊನೆಯ ಸಾಲನ್ನು ಓದಿ ಮುಂದೆ ಹೋದೆ. ನಮಗೆ ಬೇಕಾದದ್ದೇ ರಸ್ತೆಯ ಪಕ್ಕ, ಈ ನಿಯಮ ನಮಗಲ್ಲ ಎಂದುಕೊಂಡೆ. ಒಂದು ನಿಯಮ ನಮಗಲ್ಲದಿದ್ದರೆ ಉಳಿದವೂ ನಮಗಲ್ಲದೇ ಇರಬಹುದು ಎಂಬುದು ಹೊಳೆಯಲಿಲ್ಲ. ಆ ಕರಪತ್ರ ಬೇರು ಎಲ್ಲಿಂದ ಆಹಾರ ಎಳೆಯುತ್ತದೋ ಆ ಪದರದ ಸರಾಸರಿ ತಿಳಿಯಲು ಬರೆದದ್ದು. ಅದಕ್ಕೆ ಮೇಲಿನ ಕಸ ಅಡ್ಡಿ, ರಸ್ತೆಯ ಧೂಳೂ ಅಡ್ಡಿ. ನಾವು ಹುಡುಕಿ ಹೊರಟಿದ್ದು ಆ ಧೂಳನ್ನೇ. ಮೊದಲ ಕೆಲಸವಾಗಿ ಅದನ್ನು ಗುದ್ದಲಿಯಿಂದ ಕೆರೆದು ಬದಿಗೆ ಹಾಕಿದೆವು.

ಇನ್ನೊಂದು ತಪ್ಪು ಪಾತ್ರೆಯದು. ಹೊಲದ ನಡುವಿನ ಮಣ್ಣನ್ನು ಮಕ್ಕಳು ಮೊದಲೇ ಪ್ಲಾಸ್ಟಿಕ್ ಟಬ್ಬಿನಲ್ಲಿ ತಂದಿದ್ದರು. ರಸ್ತೆಯಂಚಿನ ಮಣ್ಣು ತೆಗೆದ ದಿನ ಟಬ್ ಕಾಲೇಜಿನಲ್ಲೇ ಉಳಿದಿತ್ತು. ಅಕ್ಕ ತಮ್ಮ ಮನೆಯ ತಗಡಿನ ಬಕೆಟ್ ಕೊಟ್ಟರು. ಹಳೆಯದು, ಒಳಗೆಲ್ಲ ಬಿಳಿ ಪುಡಿ ಎದ್ದಿತ್ತು. ಕಬ್ಬಿಣದ ಕರಣೆಯಿಂದ ಅದರಲ್ಲೇ ಮಣ್ಣನ್ನು ಕಲಸಿದೆವು. ಮಣ್ಣು ಹಸಿಯಾಗಿತ್ತು, ರಾತ್ರಿಯಿಡೀ ಅದರಲ್ಲೇ ಬಿಟ್ಟೆವು. ಮಾರನೆಯ ದಿನ ಒಣಗಿಸಿ ಜರಡಿ ಹಿಡಿದೆವು. ರಸ್ತೆಯಂಚಿನ ಮಣ್ಣಿನಲ್ಲಿ ಸಿಮೆಂಟು, ಜಲ್ಲಿಪುಡಿ ಸೇರಿ ಹೆಂಟೆ ಗಟ್ಟಿಯಾಗಿತ್ತು. ಹಿತ್ತಾಳೆ ಜರಡಿಯ ಮೇಲೆ ಹಾಕಿ ಒತ್ತಿ ಒತ್ತಿ ಉಜ್ಜಿದ ಮೇಲೆ ಇಳಿಯಿತು.

ಮಣ್ಣನ್ನು ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿ ಕಾಯಿಸಿ, ಸೋಸಿ, ದ್ರಾವಣವನ್ನು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದೆವು. ಫಲಿತಾಂಶ ಬಂತು. ರಸ್ತೆಯಂಚಿನಲ್ಲಿ ಸತು ಮತ್ತು ತಾಮ್ರ ವಿಪರೀತ. ಸೀಸ ಮಾತ್ರ ಹೊಲದ ನಡುವೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ.

ನನಗೆ ಸ್ವಲ್ಪವೂ ಸಂಶಯ ಬರಲಿಲ್ಲ. ಪುಸ್ತಕದಲ್ಲಿ ಓದಿದ್ದಕ್ಕೆ ಆ ಅಂಕಿಗಳು ಸರಿಯಾಗಿ ಹೊಂದುತ್ತಿದ್ದವು. ಟೈರಿನ ರಬ್ಬರನ್ನು ಗಂಧಕದ ಜೊತೆ ಬೇಯಿಸಿ ಗಟ್ಟಿ ಮಾಡುವಾಗ ಸತುವಿನ ಆಕ್ಸೈಡ್ ಹಾಕುತ್ತಾರೆ, ಟೈರಿನ ಮೇಲ್ಮೈ ರಬ್ಬರಿನ ತೂಕದಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಸತು ಇರುತ್ತದೆ. ಟೈರು ಸವೆದಂತೆ ಅದು ರಸ್ತೆಗೆ ಬೀಳುತ್ತದೆ. ತಾಮ್ರ ಬ್ರೇಕ್ ಪ್ಯಾಡಿನಿಂದ ಬರುತ್ತದೆ. ಸೀಸವೋ, 2000ದಲ್ಲೇ ದೇಶದ ಪೆಟ್ರೋಲಿನಿಂದ ಹೊರಗೆ ಹೋಗಿತ್ತು. ಸೀಸದ ಕಾಲ ಮುಗಿಯಿತು, ಈಗ ಸತು–ತಾಮ್ರದ ಕಾಲ ಎಂದು ವರದಿಯ ಕೊನೆಗೆ ಬರೆದೆ. ನಾವು ನಿರೀಕ್ಷಿಸಿದ ಉತ್ತರವೇ ಬಂದಾಗ ಅದನ್ನು ಎರಡು ಪಟ್ಟು ಪರೀಕ್ಷಿಸಬೇಕೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದವನು ನಾನು.

ಫೆಬ್ರುವರಿ 28ರ ವಿಜ್ಞಾನ ದಿನದಂದು ಅದನ್ನೇ ಭಾಷಣ ಮಾಡಿದೆ. ಹಳ್ಳಿಯ ಹೆಸರು ಹೇಳಿದೆ. ಭಾರಲೋಹ ಎಂಬ ಪದ ಬಳಸಿದೆ, ಸೊಪ್ಪು ಬೆಳೆಯುವ ಹೊಲ ಎಂದೂ ಹೇಳಿದೆ. ಸ್ಥಳೀಯ ಪತ್ರಿಕೆಯೊಂದರಲ್ಲಿ ಅದು ಸುದ್ದಿಯಾಯಿತು. ವಾರ ಕಳೆಯುವುದರೊಳಗೆ ಮಾರುಕಟ್ಟೆಯಲ್ಲಿ ಆ ಊರಿನ ಸೊಪ್ಪೆಂದರೆ ಕೈ ಹಿಂದೆ ಎಳೆಯತೊಡಗಿದರು.

ಅಕ್ಕ ಕಾಲೇಜಿಗೇ ಬಂದರು. ಒಂದು ಕಟ್ಟು ದಂಟಿನ ಸೊಪ್ಪನ್ನು ನನ್ನ ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇದ್ರೊಳಗೆ ಏನೈತೆ ತೋರ್ಸಿ" ಅಂದರು.

ನಾವು ಸೊಪ್ಪನ್ನು ಪರೀಕ್ಷೆ ಮಾಡಿರಲೇ ಇಲ್ಲ. ಮಣ್ಣಿನಲ್ಲಿರುವುದೆಲ್ಲ ಗಿಡಕ್ಕೆ ಏರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಬಿಸಿ ಆಮ್ಲದಲ್ಲಿ ಕರಗಿಸಿದಾಗ ಸಿಗುವುದು ಹೆಚ್ಚುಕಡಿಮೆ ಮಣ್ಣಿನಲ್ಲಿರುವ ಒಟ್ಟು ಲೋಹ. ಬೇರಿಗೆ ಎಟುಕುವ ಪಾಲನ್ನು ತಿಳಿಯಲು ಬೇರೆ ವಿಧಾನವಿದೆ. 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ರೂಪಿಸಿದ ಡಿ.ಟಿ.ಪಿ.ಎ. ವಿಧಾನವನ್ನು ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳು ದಿನವೂ ಬಳಸುತ್ತವೆ. ಅದನ್ನೂ ನಾವು ಮಾಡಿರಲಿಲ್ಲ. ಮೇಲಾಗಿ ಸತು ಗಿಡಕ್ಕೆ ಬೇಕಾದ ಪೋಷಕಾಂಶ. ಕರ್ನಾಟಕದ ಎಷ್ಟೋ ಹೊಲಗಳಲ್ಲಿ ಸತು ಕಡಿಮೆಯೆಂದು ರೈತರೇ ದುಡ್ಡು ಕೊಟ್ಟು ಸತುವಿನ ಸಲ್ಫೇಟ್ ಹಾಕುತ್ತಾರೆ. ಸತು ಮಿತಿಮೀರಿದರೆ ತಿನ್ನುವವರಿಗಿಂತ ಮೊದಲು ಗಿಡವೇ ಸೊರಗುತ್ತದೆ. ಅಕ್ಕನ ದಂಟು ಸೊಂಪಾಗಿತ್ತು. ಮೇಜಿನ ಮೇಲಿದ್ದ ಆ ಕಟ್ಟೇ ನನ್ನ ವರದಿಗೆ ಎದುರು ಸಾಕ್ಷಿ ಹೇಳುತ್ತಿತ್ತು.

ಅವರಿಗೆ ಏನು ಹೇಳಿ ಕಳಿಸಿದೆನೋ ಸರಿಯಾಗಿ ನೆನಪಿಲ್ಲ. ಪರೀಕ್ಷೆ ಮಾಡಿ ಹೇಳುತ್ತೇನೆ ಅಂದಿರಬೇಕು. ಅಷ್ಟರಲ್ಲಿ ಆ ಹಂಗಾಮಿನ ಮಡಿಗಳು ಹೂವಿಗೆ ಬಂದು ಬಲಿತು ಹೋದವು. ಬಲಿತ ಸೊಪ್ಪಿಗೆ ಬೆಲೆಯಿಲ್ಲ. ಅವರು ಅದನ್ನು ಉತ್ತು ಮಣ್ಣಿಗೆ ಸೇರಿಸಿದರು.

ತಪ್ಪು ಎಲ್ಲಿದೆಯೆಂದು ತೋರಿಸಿದ್ದು ಒಬ್ಬ ವಿದ್ಯಾರ್ಥಿನಿ. "ಸಾರ್, ಮಣ್ಣೇ ಇಲ್ಲದೆ ಒಂದು ಸಲ ಮಾಡಿ ನೋಡೋಣವಾ?" ಎಂದು ಕೇಳಿದಳು. ಆಮ್ಲದಲ್ಲಿ ತೊಳೆದ ಮರಳನ್ನು ಅದೇ ತಗಡಿನ ಬಕೆಟ್ಟಿಗೆ ಹಾಕಿ, ಒದ್ದೆ ಮಾಡಿ, ರಾತ್ರಿಯಿಡೀ ಬಿಟ್ಟು, ಅದೇ ಕರಣೆಯಲ್ಲಿ ಕಲಸಿ, ಅದೇ ಜರಡಿಯಲ್ಲಿ ಉಜ್ಜಿದೆವು. ಸತು, ತಾಮ್ರ ಯಾವುದೂ ಇರಬಾರದ ಮರಳಿನಲ್ಲಿ ಎರಡೂ ಬಂದವು. ತಗಡಿಗೆ ತುಕ್ಕು ಹಿಡಿಯದಿರಲೆಂದು ಬಳಿಯುವುದೇ ಸತು. ಒಳಗೆ ಎದ್ದಿದ್ದ ಬಿಳಿ ಪುಡಿ ಆ ಸತುವೇ ಗಾಳಿ–ನೀರಿಗೆ ಬದಲಾಗಿ ಆದದ್ದು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಲಘು ಪೋಷಕಾಂಶಗಳ ಪರೀಕ್ಷೆಗೆ ಮಣ್ಣು ತೆಗೆಯುವಾಗ ಸತು ಲೇಪದ ಪಾತ್ರೆ, ಹಿತ್ತಾಳೆ ಉಪಕರಣ ಬಳಸಬಾರದು ಎಂಬುದು ಮಣ್ಣಿನ ಪ್ರಯೋಗಾಲಯಗಳ ಮೊದಲ ಪಾಠ. ಆಕೆ ಕೇಳಿದಂಥ ಖಾಲಿ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಬೇಕಿತ್ತು.

ಅಕ್ಕನ ಹೊಲಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಕುಡುಗೋಲು ಕೈಯಲ್ಲಿ ಹಿಡಿದೇ ನಿಂತಿದ್ದು, "ಅವತ್ತು ಮೈಕಲ್ಲಿ ಹೇಳಿದ್ರಿ. ಇವತ್ತು ನನ್ನೊಬ್ಳಿಗೆ ಬಂದು ಹೇಳ್ತಾ ಇದೀರ" ಅಂದರು.

ಆಮೇಲೆ ಮಂಡಿಗಳಿಗೆ ಹೋದೆ, ಒಬ್ಬೊಬ್ಬರಿಗೂ ಹೇಳಿದೆ. ಕಾಲೇಜಿನ ಸಭೆಯಲ್ಲಿ ಅದೇ ಮೈಕಿನಲ್ಲಿ ಹೇಳಿದೆ. ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಅದು ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂತು. ಮೊದಲ ಸುದ್ದಿ ಓದಿದವರಲ್ಲಿ ಎಷ್ಟು ಜನ ಆ ನಾಲ್ಕು ಸಾಲು ಓದಿದರೋ. ವ್ಯಾಪಾರಿಗಳು ನಿಧಾನವಾಗಿ ಮರಳಿದರು, ಎಲ್ಲರೂ ಅಲ್ಲ.

ಹೊಸದಾಗಿ ಮಣ್ಣು ತೆಗೆಯಲು ಹೋದಾಗ ಅಕ್ಕ ನಮ್ಮ ಜೊತೆಗೇ ಬಂದರು. ನಾವು ಡಾಂಬರಿನ ಅಂಚಿನಿಂದ ಟೇಪು ಹಿಡಿದು ದೂರ ಅಳೆಯುತ್ತಿದ್ದೆವು. ಅವರು ಹೊಲದ ಆ ತುದಿಯ ಹುಣಸೆ ಮರಗಳ ಕಡೆ ಕೈ ತೋರಿಸಿ, "ಹಳೇ ರೋಡು ಅಲ್ಲಿತ್ತು. ಬಸ್ಸೂ ಅಲ್ಲೇ ನಿಲ್ತಿತ್ತು" ಅಂದರು. ನಮ್ಮ ಕಡೆಯ ಹಳೆಯ ರಸ್ತೆಗಳಿಗೆ ಹುಣಸೆ ಸಾಲೇ ಗುರುತು. ರಸ್ತೆ ಅಗಲ ಮಾಡಿದಾಗ ತಿರುವು ನೇರವಾಗಿ ಈಚೆಗೆ ಬಂದಿತ್ತು. ಹಳೆಯ ರಸ್ತೆಯ ಪಟ್ಟಿ ಹೊಲದ ಅಂಚಿಗೆ ಸೇರಿತ್ತು. ಈಗಿನ ರಸ್ತೆಯ ಪಕ್ಕದಲ್ಲಿ ನಾವು ಅಗೆಯುತ್ತಿದ್ದ ಮಣ್ಣೋ, ಬಹುಪಾಲು ಕಾಮಗಾರಿಯ ಹೊತ್ತಿನಲ್ಲಿ ಬೇರೆ ಕಡೆಯಿಂದ ಟಿಪ್ಪರಿನಲ್ಲಿ ತಂದು ಸುರಿದದ್ದು. ಅದಕ್ಕೆ ಹಳೆಯ ಕಾಲದ ನೆನಪೇ ಇಲ್ಲ. ಮೊದಲ ಸಲವೇ ಅಕ್ಕನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈ ಸಲ ಎರಡು ಕಡೆಯೂ ತೆಗೆದೆವು. ಮೇಲಿನ ಎರಡು ಬೆರಳು ಮಣ್ಣನ್ನು ಪ್ಲಾಸ್ಟಿಕ್ ಚಮಚದಲ್ಲಿ ಸವರಿ ಬೇರೆ ಚೀಲಕ್ಕೆ, ಅದರ ಕೆಳಗಿನದು ಇನ್ನೊಂದಕ್ಕೆ, ಉಳಿದದ್ದು ಮತ್ತೊಂದಕ್ಕೆ. ನೈಲಾನ್ ಜರಡಿ ತಂದೆವು. ಈಗಿನ ರಸ್ತೆಯಂಚಿನಲ್ಲಿ ಸತು ಹೆಚ್ಚಿತ್ತು, ನಾನು ಸಾರಿದಷ್ಟಲ್ಲ, ರಸ್ತೆಯಿಂದ ದೂರ ಹೋದಂತೆ ಬೇಗ ಇಳಿಯುತ್ತಿತ್ತು. ಹುಣಸೆ ಸಾಲಿನ ಕೆಳಗೆ, ಈಗ ಯಾವ ವಾಹನವೂ ಓಡದ ಜಾಗದಲ್ಲಿ, ಮೇಲಿನ ಪದರದಲ್ಲಿ ಸೀಸ ಹೊಲದ ನಡುವಿನ ಮಣ್ಣಿಗಿಂತ ಹಲವು ಪಟ್ಟು ಇತ್ತು. ಕೆಳಪದರದಲ್ಲಿ ಸೀದಾ ಕುಸಿಯುತ್ತಿತ್ತು. ಮೊದಲ ಸಲ ನಾವು ಅಗೆದದ್ದು ತಪ್ಪು ಜಾಗದಲ್ಲಿ. ಸರಿಯಾದ ಜಾಗದಲ್ಲೇ ಅಗೆದಿದ್ದರೂ ಮೇಲ್ಪದರ ಕೆರೆದು, ಉಳಿದದ್ದನ್ನು ಆರು ಅಂಗುಲಕ್ಕೆ ಕಲಸಿ ಸೀಸವನ್ನು ಕಾಣದಂತೆ ಮಾಡಿಬಿಡುತ್ತಿದ್ದೆವು.

ಇದರಲ್ಲಿ ಹೊಸ ಶೋಧ ಏನೂ ಇಲ್ಲ. ಅಮೆರಿಕದ ಭೂವಿಜ್ಞಾನಿ ಹೆಲೆನ್ ಕ್ಯಾನನ್ 1962ರಲ್ಲೇ ಡೆನ್ವರ್ ಸುತ್ತಿನ ರಸ್ತೆಬದಿಯ ಗಿಡಗಳಲ್ಲಿ ಪೆಟ್ರೋಲಿನ ಸೀಸ ಕಂಡು ಬರೆದಿದ್ದರು. 1970ರಲ್ಲಿ ಲೇಗರ್‌ವರ್ಫ್ ಮತ್ತು ಸ್ಪೆಕ್ಟ್ ಎಂಬಿಬ್ಬರು ರಸ್ತೆಬದಿಯ ಮಣ್ಣಿನಲ್ಲಿ ಸೀಸ, ಸತು, ನಿಕ್ಕಲ್, ಕ್ಯಾಡ್ಮಿಯಂ ದೂರ ಹೋದಂತೆ, ಆಳಕ್ಕೆ ಇಳಿದಂತೆ ಕಡಿಮೆಯಾಗುವುದನ್ನು ತೋರಿಸಿದ್ದರು. ದೂರ ಮತ್ತು ಆಳ, ಎರಡನ್ನೂ ಅವರು ಐವತ್ತು ವರ್ಷ ಹಿಂದೆಯೇ ಅಳೆದಿದ್ದರು. ನಾನು ಅದನ್ನು ಪರೀಕ್ಷೆಯ ಉತ್ತರದಂತೆ ಓದಿದ್ದೆ, ಕೆಲಸದ ಕ್ರಮವಾಗಿ ಓದಿರಲಿಲ್ಲ.

ಸೀಸದ ಕಥೆ ಸ್ವಲ್ಪ ಹೇಳಬೇಕು. ಎಂಜಿನ್ ಕಟಕಟ ಬಡಿಯದಂತೆ ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಬಹುದೆಂದು ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲೆ 1921ರಲ್ಲಿ ಕಂಡುಕೊಂಡ. ಸೀಸ ಎಂಜಿನ್ನಿನೊಳಗೆ ಕೂರದಿರಲೆಂದು ಜೊತೆಗೆ ಬ್ರೋಮಿನ್, ಕ್ಲೋರಿನ್ ಇರುವ ದ್ರವಗಳನ್ನೂ ಹಾಕುತ್ತಿದ್ದರು. ಹೊಗೆ ಕೊಳವೆಯಿಂದ ಸೀಸದ ಬ್ರೋಮೈಡ್–ಕ್ಲೋರೈಡ್ ಕಣಗಳಾಗಿ ಹೊರಬರುತ್ತಿತ್ತು. ಗಾಳಿಯಲ್ಲಿ, ಮಣ್ಣಿನಲ್ಲಿ ಅದು ಸಲ್ಫೇಟ್ ಆಗಿ, ಕಾರ್ಬೊನೇಟ್ ಆಗಿ ಬದಲಾಗುತ್ತದೆ. ಆಮೇಲೆ ಕೊಳೆತ ಎಲೆಯ ಅಂಶಕ್ಕೆ, ಜೇಡಿಗೆ, ಕೆಮ್ಮಣ್ಣಿನ ಕಬ್ಬಿಣ–ಮ್ಯಾಂಗನೀಸ್ ಆಕ್ಸೈಡುಗಳಿಗೆ ಅಂಟಿಕೊಂಡುಬಿಡುತ್ತದೆ. ಮಳೆನೀರು ಅದನ್ನು ಕೆಳಗೆ ಒಯ್ಯುವುದು ತೀರ ಕಡಿಮೆ. ಅದಕ್ಕೇ ಉಳದ ಜಾಗದಲ್ಲಿ ಮೇಲಿನ ಪದರದಲ್ಲೇ ನೂರಾರು ವರ್ಷ ಇರಬಲ್ಲದು. ಮದ್ರಾಸ್ ರೋಡಿನ ಲಾರಿ, ಬಸ್ಸುಗಳು ಡೀಸೆಲ್ಲಿನವು, ಡೀಸೆಲ್ಲಿಗೆ ಸೀಸ ಬೆರೆಸುತ್ತಿರಲಿಲ್ಲ. ಹುಣಸೆ ಸಾಲಿನ ಕೆಳಗೆ ಸೀಸ ಬಿಟ್ಟುಹೋದವು ಪೆಟ್ರೋಲಿನ ಕಾರು, ಸ್ಕೂಟರು, ಮೋಟಾರುಬೈಕುಗಳು.

ನಮ್ಮ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲು 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಶುರುವಾಗಿ 2000ದಲ್ಲಿ ಎಲ್ಲ ಕಡೆ ಬಂತು. ಅದಕ್ಕೆ ಒತ್ತಾಯ ಹುಟ್ಟಿದ್ದರಲ್ಲಿ ಬೆಂಗಳೂರಿನ ಪಾಲೂ ಇದೆ. 1999ರ ಫೆಬ್ರುವರಿಯಲ್ಲಿ ಜಾರ್ಜ್ ಫೌಂಡೇಶನ್ ಸೀಸದ ವಿಷಬಾಧೆಯ ಬಗ್ಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಪೆಟ್ರೋಲಿನಿಂದ ಸೀಸ ಹೋಯಿತು, ಗಾಳಿಯಲ್ಲೂ ಇಳಿಯಿತು. ಮಣ್ಣಿನಿಂದ ಹೋಗಲಿಲ್ಲ. ಪೆಟ್ರೋಲಿನಿಂದ ಹೋದದ್ದು ಮಣ್ಣಿನಿಂದಲೂ ಹೋಯಿತೆಂದೇ ನಾನು ತಿಳಿದುಬಿಟ್ಟಿದ್ದೆ.

ಈಗಿನ ರಸ್ತೆಯ ಧೂಳನ್ನು ಒಮ್ಮೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆವು. ಬಿಳಿ, ಕೆಂಪು ಮಣ್ಣಿನ ಹರಳುಗಳ ನಡುವೆ ಕಪ್ಪಗೆ, ಉದ್ದುದ್ದ, ಎರಡೂ ತುದಿ ಸಣ್ಣಗಾದ ತುಣುಕುಗಳು. ಒಂದನ್ನು ಸೂಜಿಯಿಂದ ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಮೈತುಂಬ ಸಣ್ಣ ಸಣ್ಣ ಕಲ್ಲಿನ ಕಣಗಳು ಅಂಟಿಕೊಂಡು, ರವೆಯಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ ಹೋಳಿನಂತೆ ಕಾಣುತ್ತವೆ. ಅವು ಟೈರಿನ ಚೂರುಗಳು. ರಬ್ಬರ್ ಮಣ್ಣಿನಲ್ಲಿ ನಿಧಾನವಾಗಿ ಒಡೆದಂತೆ ಒಳಗಿನ ಸತು ಬಿಡುಗಡೆಯಾಗುತ್ತದೆ. ರಸ್ತೆ ಬದಿಯ ತಡೆಗಂಬಿಗಳಿಗೂ ಸತುವಿನ ಲೇಪವಿದೆ, ಮಳೆ ಬಂದಾಗ ಅದೂ ತೊಳೆದು ಬರುತ್ತದೆ. ಬ್ರೇಕಿನಿಂದ ಬರುವುದು ತಾಮ್ರ, ಆಂಟಿಮೊನಿ, ಕಬ್ಬಿಣ. ಕೆಲವರು ಧೂಳಿಗೆ ಆಯಸ್ಕಾಂತ ಹಿಡಿದು, ಅಂಟಿದ ಕಪ್ಪು ಪುಡಿಯನ್ನೆಲ್ಲ ಬ್ರೇಕಿನದು ಎನ್ನುತ್ತಾರೆ. ನಮ್ಮ ಕೆಮ್ಮಣ್ಣಿನಲ್ಲಿ ಸಹಜವಾಗಿಯೇ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣವಿದೆ, ದೂರದ ಮಣ್ಣಿನ ಜೊತೆ ಹೋಲಿಸದೆ ಹಾಗೆ ಹೇಳಬಾರದು.

ರಸಸಾರದ, ಅಂದರೆ ಮಣ್ಣಿನ ಹುಳಿ–ಕ್ಷಾರದ ಅಳತೆಯ (ಪಿಎಚ್) ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಮಣ್ಣಿನ ಮಟ್ಟಿಗೆ ಸೊಪ್ಪು ಬೆಳೆಯುವವರ ಕೈಯಲ್ಲಿರುವುದು ಮುಖ್ಯವಾಗಿ ಅದೇ. ನಮ್ಮ ಕೆಮ್ಮಣ್ಣು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ರಸ್ತೆಯಂಚಿನಲ್ಲಿ ಮಾತ್ರ ಕಾಂಕ್ರೀಟು, ಸಿಮೆಂಟಿನ ಸುಣ್ಣದಿಂದ ಅದು ಕ್ಷಾರದ ಕಡೆ ವಾಲುತ್ತದೆ. ರಸಸಾರ ಒಂದು ಅಂಕ ಏರಿದರೆ, ತತ್ತ್ವದ ಪ್ರಕಾರ, ಮಣ್ಣಿನ ನೀರಿನಲ್ಲಿ ಕರಗಿರುವ ಸತುವಿನ ಅಯಾನು ಸುಮಾರು ನೂರು ಪಟ್ಟು ಇಳಿಯುತ್ತದೆ. ಅಂದರೆ ಒಟ್ಟು ಸತು ಅತಿ ಹೆಚ್ಚಿರುವ ಅಂಚಿನಲ್ಲೇ ಬೇರಿಗೆ ಸಿಗುವ ಸತು ಕಡಿಮೆ ಇರಬಹುದು. ಮಾಲಿನ್ಯವೇ ಅಲ್ಲಿ ಮಾಲಿನ್ಯವನ್ನು ಹಿಡಿದಿಟ್ಟಿರುತ್ತದೆ. ಇದರ ಮೇಲೆ ವರ್ಷಗಟ್ಟಲೆ ಯೂರಿಯಾ, ಅಮೋನಿಯಂ ಸಲ್ಫೇಟ್ ಸುರಿದರೆ ಮಣ್ಣು ಮತ್ತೆ ಹುಳಿಯಾಗುತ್ತದೆ. ಆಗ ಹಿಡಿತ ಸಡಿಲಿ ಸತು, ಅದರ ಜೊತೆಗೆ ಕ್ಯಾಡ್ಮಿಯಂ ಕೂಡ ಬೇರಿಗೆ ಇಳಿಯುತ್ತವೆ. ಸತು ಮಿತಿಯಲ್ಲಿದ್ದರೆ ತೊಂದರೆಯಿಲ್ಲ, ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿಕೊಂಡು ದಶಕಗಟ್ಟಲೆ ಉಳಿಯುತ್ತದೆ. ವಾಹನಗಳ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡು, ಅಮೋನಿಯಾ ಕೂಡ ರಸ್ತೆಬದಿಗೆ ಬಿದ್ದು ಮಣ್ಣನ್ನು ಹುಳಿ ಮಾಡಬಲ್ಲವು. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ, ರಸಸಾರ ಇಳಿದಾಗ ಸುಣ್ಣ ಕೊಟ್ಟು, ಯೂರಿಯಾ ಮಿತಿಯಲ್ಲಿಟ್ಟರೆ ಲೋಹಗಳು ಮಣ್ಣಿನಲ್ಲೇ ಉಳಿಯುತ್ತವೆ. ರಂಜಕ ಸಾಕಷ್ಟಿರುವ ಮಣ್ಣಿನಲ್ಲಿ ಸೀಸದ ಒಂದು ಪಾಲು ಬಹಳ ಕಷ್ಟದಿಂದ ಕರಗುವ ಫಾಸ್ಫೇಟ್ ಆಗಿ ಬದಲಾಗುತ್ತದೆ.

ಕೊನೆಗೂ ಸೊಪ್ಪನ್ನು ಪರೀಕ್ಷೆ ಮಾಡಿದೆವು. ಅದೇ ಮಡಿಯ ದಂಟನ್ನು ಹಾಗೇ ಒಂದಿಷ್ಟು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಒಂದಿಷ್ಟು. ತೊಳೆದದ್ದರಲ್ಲಿ ಸೀಸ ಬಹಳ ಕಡಿಮೆಯಾಯಿತು. ಸೀಸ ಬೇರಿನಿಂದ ಎಲೆಗೆ ಏರುವುದು ಅಲ್ಪ. ಹೆಚ್ಚಿನದು ಹೊರಗಿನಿಂದ ಬರುತ್ತದೆ, ಗಾಳಿಯ ಧೂಳಾಗಿ, ಮಳೆಹನಿ ನೆಲಕ್ಕೆ ಬಡಿದಾಗ ಎಲೆಯ ಅಡಿಗೆ ಸಿಡಿಯುವ ಕೆಸರಾಗಿ. ಬೇರು ಸಮೇತ ಕಟ್ಟಿದ ಕೊತ್ತಂಬರಿಯ ಬುಡದಲ್ಲಿ ಆ ಮೇಲಿನ ಪದರದ ಮಣ್ಣೇ ಅಂಟಿಕೊಂಡು ಅಡುಗೆಮನೆಗೆ ಬರುತ್ತದೆ. ತೊಟ್ಟಿಯಲ್ಲಿ ಒಮ್ಮೆ ಅದ್ದಿದರೆ ಸಾಲದು. ಅದೇ ನೀರಿನಲ್ಲಿ ಇಡೀ ಹೊಲದ ಸೊಪ್ಪು ಅದ್ದಿದರೆ ಒಂದರ ಮಣ್ಣು ಇನ್ನೊಂದಕ್ಕೆ ಹತ್ತುತ್ತದೆ. ಅಕ್ಕ ಈಗ ಕೊತ್ತಂಬರಿಯ ಬೇರು ಕತ್ತರಿಸಿ ಕಟ್ಟುತ್ತಾರೆ, ಪೈಪಿನ ನೀರು ಬಿಟ್ಟು ತೊಳೆಯುತ್ತಾರೆ. ಹುಣಸೆ ಸಾಲಿನ ಪಟ್ಟಿಯಲ್ಲಿ, ರಸ್ತೆಯಂಚಿನಲ್ಲಿ ಸೊಪ್ಪು ಬಿಟ್ಟು ಚೆಂಡು ಹೂವು ಹಾಕಿದ್ದಾರೆ. ಚರಂಡಿಯ ಕಡೆ ದಟ್ಟ ಬೇಲಿ ಎಬ್ಬಿಸಿದ್ದಾರೆ. ಒಳಗಿನ ಮಡಿಗಳಲ್ಲಿ ಸೊಪ್ಪು ಮೊದಲಿನಂತೇ ಇದೆ. ಅದನ್ನು ನಮ್ಮ ಮನೆಗೂ ತರುತ್ತೇವೆ.

ವಿದ್ಯುತ್ ವಾಹನ ಬಂದರೆ ಇದೆಲ್ಲ ಮುಗಿಯುತ್ತದಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಹೊಗೆ ಹೋಗುತ್ತದೆ, ಬ್ರೇಕಿನ ಸವೆತವೂ ತಗ್ಗುತ್ತದೆ. ಬ್ಯಾಟರಿಯ ಭಾರ ಹೊತ್ತ ಟೈರು ಸವೆಯುವುದು ನಿಲ್ಲುವುದಿಲ್ಲ.

ಹುಣಸೆ ಸಾಲಿನ ಫಲಿತಾಂಶವನ್ನು ಮೊದಲು ಅಕ್ಕನಿಗೇ ಹೇಳಿದೆ. ಸೀಸ ಎಲ್ಲಿದೆ, ಯಾಕಿದೆ, ಎಲೆಗೆ ಹೇಗೆ ಬರುತ್ತದೆ ಎಂದು ವಿವರಿಸುತ್ತಿದ್ದೆ. ಅವರು ನಡುವೆ ತಡೆದು ಕೇಳಿದರು: "ಹಂಗಾದ್ರೆ ಇಸ್ಕೂಲು?"

ಹಳೆಯ ರಸ್ತೆಯ ಸಾಲು ಅವರ ಹೊಲ ದಾಟಿ ಊರಿನ ಪ್ರಾಥಮಿಕ ಶಾಲೆಯ ಆಟದ ಬಯಲಿನ ಅಂಚಿನಲ್ಲೇ ಹಾದುಹೋಗುತ್ತಿತ್ತು. ಅಲ್ಲಿಯೂ ಎರಡು ಹುಣಸೆ ಮರಗಳಿವೆ. ಅವುಗಳ ನೆರಳಿನಲ್ಲಿ ಮಕ್ಕಳು ಗೋಲಿ ಆಡುತ್ತಾರೆ, ಬಿದ್ದ ಹಣ್ಣು ಆರಿಸಿ ತಿನ್ನುತ್ತಾರೆ. ಸೀಸ ಅತಿ ಹೆಚ್ಚು ಹಾನಿ ಮಾಡುವುದು ಮಣ್ಣಾದ ಕೈ ಬಾಯಿಗೆ ಹೋಗುವ ವಯಸ್ಸಿನಲ್ಲಿ. ದೊಡ್ಡವರಿಗಿಂತ ಮಕ್ಕಳ ದೇಹ ನುಂಗಿದ ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಇಷ್ಟಿದ್ದರೆ ಏನೂ ಆಗದು ಎಂಬ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಎಲೆ, ಬೇರು, ರಸಸಾರ ಎಂದು ಎಲ್ಲ ಯೋಚಿಸಿದ್ದೆ, ಶಾಲೆಯ ಬಯಲು ತಲೆಗೆ ಬಂದಿರಲಿಲ್ಲ. ಅಕ್ಕನ ಮೊಮ್ಮಗಳು ಅಲ್ಲಿ ಎರಡನೇ ತರಗತಿ.

ಮರದ ಕೆಳಗಿನ ಮಣ್ಣನ್ನು ಪದರಪದರವಾಗಿ ತೆಗೆದು ಕಳಿಸಿದೆವು. ಮಕ್ಕಳಿರುವ ಜಾಗದ ಮಣ್ಣಿಗೆ ಅಮೆರಿಕ ಬಹುಕಾಲ 400 ಪಿಪಿಎಂ ಇಟ್ಟುಕೊಂಡಿದ್ದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ 200ಕ್ಕೆ ಇಳಿಸಿತು. ಇಲ್ಲಿಯದು ಆ 200ಕ್ಕಿಂತ ಕೆಳಗೇ ಇತ್ತು, ಆದರೆ ಸುತ್ತಲಿನ ಮಣ್ಣಿಗಿಂತ ಸ್ಪಷ್ಟವಾಗಿ ಮೇಲಿತ್ತು. ಈ ಸಲ ಹೇಳುವ ಮುಂಚೆ ಖಾಲಿ ಪರೀಕ್ಷೆ ಮಾಡಿದ್ದೆವು, ಎರಡು ಪ್ರಯೋಗಾಲಯಗಳಲ್ಲಿ ನೋಡಿಸಿದ್ದೆವು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಸೀಸ ಎಷ್ಟಿದೆ, ಯಾವ ಪದರದಲ್ಲಿದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಒಂದೊಂದಾಗಿ ಹೇಳಿದೆ. ಒಬ್ಬರು ಮರ ಕಡಿಸೋಣ ಅಂದರು. ಮರದ ತಪ್ಪೇನೂ ಇಲ್ಲ, ಅದರ ಬೇರೇ ಆ ಮಣ್ಣನ್ನು ಧೂಳೇಳದಂತೆ ಹಿಡಿದಿದೆ ಎಂದೆ.

ಬೇರೆ ಕಡೆಯ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ, ಮರದ ಸುತ್ತ ಒಂದು ಗೇಣು ಎತ್ತರಕ್ಕೆ ಹರಡಿ, ಮೇಲೆ ಗರಿಕೆ ಹಬ್ಬಿಸಿದ್ದಾರೆ. ಬುಡ ಉಸಿರುಕಟ್ಟದಂತೆ ಕಾಂಡದ ಸುತ್ತ ಮಾತ್ರ ಕಲ್ಲು ಜೋಡಿಸಿದ್ದಾರೆ. ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವ ನಲ್ಲಿಗಳನ್ನು ಬಯಲಿನ ಕಡೆಗೇ ತಂದಿದ್ದಾರೆ, ಸಾಬೂನು ತೀರಿದರೆ ಕೂಡಲೇ ತರಿಸುವ ಹೊಣೆ ಒಬ್ಬ ತಾಯಿಯದು. ಮಳೆಗಾಲ ಮುಗಿದ ಮೇಲೆ ಗರಿಕೆಯ ನಡುವಿನಿಂದ ಮತ್ತೆ ಮಣ್ಣು ತೆಗೆದಿದ್ದೇವೆ. ಚೀಲಗಳ ಮೇಲೆ ದೂರ, ಆಳ, ಹಳೆಯ ರಸ್ತೆಯ ಯಾವ ಬದಿ ಎಂಬುದನ್ನೆಲ್ಲ ವಿದ್ಯಾರ್ಥಿಗಳು ಬರೆದಿದ್ದಾರೆ. ಫಲಿತಾಂಶ ಬಂದ ದಿನ ಅದನ್ನು ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಓದಬೇಕೆಂದು ಅಕ್ಕ ಹೇಳಿದ್ದಾರೆ, ಈಗ ಅವರೂ ಆ ಸಮಿತಿಯ ಸದಸ್ಯರು.